ನೀರಿನಲ್ಲಿ ನೆಟ್ಟ ಹುಟ್ಟು: ರೋಯಿಂಗ್‌ನ ಭೌತವಿಜ್ಞಾನ

ದಡದಲ್ಲಿ ನಿಂತು ರೋಯಿಂಗ್ ಪಂದ್ಯ ನೋಡುವವರಿಗೆ, ಹುಟ್ಟುಗಳು ನೀರನ್ನು ಹಿಂದಕ್ಕೆ ತಳ್ಳುವುದರಿಂದಲೇ ದೋಣಿ ಮುಂದೆ ಹೋಗುತ್ತಿದೆ ಎನಿಸುತ್ತದೆ. ದೋಣಿಯೊಳಗೆ ಕೂತವರ ಗುರಿಯೇ ಬೇರೆ. ಹುಟ್ಟಿನ ಅಲಗನ್ನು ನೀರಿನಲ್ಲಿ ಗೂಟದಂತೆ ನೆಟ್ಟು, ಅದರ ಆಸರೆಯಲ್ಲಿ ದೋಣಿಯನ್ನು ಅಲಗಿನಾಚೆಗೆ ಸಾಗಿಸುವುದು ಅವರ ಕೆಲಸ. 2000 ಮೀಟರ್ ಪಂದ್ಯದಲ್ಲಿ ಸುಮಾರು 200ರಿಂದ 250 ಬಾರಿ ಹುಟ್ಟು ಹಾಕುತ್ತಾರೆ. ಪ್ರತಿ ಸಲವೂ ನೀರು ಎಷ್ಟು ಕಡಿಮೆ ಕದಲುತ್ತದೋ ಅಷ್ಟು ಶ್ರಮ ಉಳಿಯುತ್ತದೆ.

ಹುಟ್ಟು ಎಂಬ ಸನ್ನೆ

ದೋಣಿಯ ಪಕ್ಕಕ್ಕೆ ಚಾಚಿದ ಚೌಕಟ್ಟಿನ ತುದಿಯಲ್ಲಿ ಹುಟ್ಟನ್ನು ಹಿಡಿದಿಡುವ ಓರ್‌ಲಾಕ್ ಇರುತ್ತದೆ. ಕೂತವರ ಕಣ್ಣಿಗೆ ಅದೇ ಆನಿಕೆ. ದಡದಿಂದ ಅಳೆದರೆ ಆನಿಕೆ ಇರುವುದು ನೀರಿನಲ್ಲಿ, ಅಲಗಿನ ಬಳಿ. ಓರ್‌ಲಾಕ್ ಹೊರೆಯನ್ನು, ಅಂದರೆ ದೋಣಿಯನ್ನು, ಹೊತ್ತ ಜಾಗ. ಹಿಡಿಯ ಮೇಲೆ ಕೈಬಲ. ಅಡಕತ್ತರಿಯ ಕೀಲು, ನಡುವಿನ ಅಡಕೆ, ಒತ್ತುವ ಕೈ ಇವುಗಳ ಜೋಡಣೆಯೂ ಇದೇ. ತುಂಗಭದ್ರೆಯ ಹರಿಗೋಲಿನಲ್ಲಿ ಓರ್‌ಲಾಕ್ ಇಲ್ಲ. ಅಲ್ಲಿ ಹುಟ್ಟಿನ ಬಲವೆಲ್ಲ ಅಂಬಿಗನ ಕೈ ಮತ್ತು ಮೈ ಮೂಲಕವೇ ಬುಟ್ಟಿಗೆ ತಲುಪಬೇಕು.

ಅಲಗು ದೊಡ್ಡದಾದರೆ ಏನು ಲಾಭ?

ನೀರು ಗಟ್ಟಿ ನೆಲವಲ್ಲ, ಅಲಗು ಸ್ವಲ್ಪವಾದರೂ ಜಾರಿಯೇ ಜಾರುತ್ತದೆ. ಆ ಜಾರುವಿಕೆಯ ಬೆಲೆಯನ್ನು ಲೆಕ್ಕ ಹಾಕಬಹುದು. 10 ಕಿಲೋ ನೀರನ್ನು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಿಂದಕ್ಕೆ ತಳ್ಳಿದರೂ, 20 ಕಿಲೋ ನೀರನ್ನು 1 ಮೀಟರ್ ವೇಗದಲ್ಲಿ ತಳ್ಳಿದರೂ ದೋಣಿಗೆ ಸಿಗುವ ಸಂವೇಗ ಒಂದೇ. ಆದರೆ ನೀರಿಗೆ ಹೋಗುವ ಶಕ್ತಿ ಮೊದಲನೆಯದರಲ್ಲಿ 20 ಜೂಲ್, ಎರಡನೆಯದರಲ್ಲಿ 10 ಜೂಲ್. ಹೆಚ್ಚು ನೀರನ್ನು ನಿಧಾನವಾಗಿ ತಳ್ಳುವುದೇ ಲೇಸು. ಅಗಲ ಅಲಗು ಮಾಡುವುದು ಇದನ್ನೇ.

ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಹುಟ್ಟು ಕಮಾನಿನಂತೆ ತಿರುಗುವುದರಿಂದ, ಎಳೆತದ ಆರಂಭದಲ್ಲಿ ಅಲಗು ಹಿಂದಕ್ಕಲ್ಲ, ದೋಣಿಯಿಂದ ಹೊರಮುಖವಾಗಿ ಜರುಗುತ್ತದೆ. ನೀರು ಅದರ ತುದಿಯಿಂದ ಬುಡದತ್ತ ಹರಿಯುತ್ತದೆ. ಆಗ ಅಲಗು ವಿಮಾನದ ರೆಕ್ಕೆಯಂತೆ ಕೆಲಸ ಮಾಡಿ, ಹರಿವಿಗೆ ಅಡ್ಡಲಾಗಿ ಬಲ ಹುಟ್ಟಿಸುತ್ತದೆ. ಈ ಬಲದಲ್ಲಿ ವ್ಯರ್ಥವಾಗುವ ಶಕ್ತಿ ಬಹಳ ಕಡಿಮೆ. ಹುಟ್ಟು ದೋಣಿಗೆ ಲಂಬವಾಗಿರುವ ನಡುಘಟ್ಟದಲ್ಲಿ ಮಾತ್ರ ಅಲಗು ನೇರವಾಗಿ ಹಿಂದಕ್ಕೆ ಜಾರುತ್ತದೆ. ಕೊನೆಯಲ್ಲಿ ಅದು ದೋಣಿಯತ್ತ ಒಳಸರಿಯುವಾಗ ರೆಕ್ಕೆಯ ಗುಣ ಮರಳುತ್ತದೆ. ಕೈಗಳನ್ನು ಮುಂಚಾಚಿ ದೂರದಲ್ಲೇ ನೀರು ಹಿಡಿಯಬೇಕೆಂದು ತರಬೇತುದಾರರು ಹೇಳುವುದರಲ್ಲಿ ಇಷ್ಟೊಂದು ವಿಜ್ಞಾನವಿದೆ.

ಮೇಕನ್‌ನಿಂದ ಕ್ಲೀವರ್‌ಗೆ

ಹಳೆಯ ಹುಟ್ಟುಗಳು ಮರದವು, ಅಲಗು ಉದ್ದ ಮತ್ತು ಕಿರಿದು. 1959ರಲ್ಲಿ ಫ್ರಾನ್ಸ್‌ನ ಮೇಕನ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಜರ್ಮನ್ನರು ಅಗಲವಾದ, ಎರಡೂ ಬದಿ ಸಮವಿರುವ ಅಲಗು ತಂದರು. ಆ ಊರಿನ ಹೆಸರೇ ಅದಕ್ಕೆ ಉಳಿಯಿತು. 1991ರಲ್ಲಿ ಅಮೆರಿಕದ ಕಾನ್ಸೆಪ್ಟ್2 ಸಂಸ್ಥೆ ಕಟುಕನ ಕತ್ತಿಯಂತೆ ಕಾಣುವ ಕ್ಲೀವರ್ ಅಲಗನ್ನು ಮಾರುಕಟ್ಟೆಗೆ ಬಿಟ್ಟಿತು. ಹುಟ್ಟು ನೀರಿಗೆ ಓರೆಯಾಗಿ ಇಳಿಯುತ್ತದೆ. ಸಮ ಅಲಗಿನಲ್ಲಿ ಮೇಲ್ಭಾಗ ಮುಳುಗುವಷ್ಟರಲ್ಲಿ ಕೋಲೂ ನೀರಿಗೆ ಸೇರುತ್ತದೆ. ಕೋಲಿನ ಕೆಳಬದಿಗೆ ಹೆಚ್ಚು ಅಗಲ ಕೊಟ್ಟ ಕ್ಲೀವರ್‌ನಲ್ಲಿ ಅಲಗು ಪೂರ್ತಿ ಮುಳುಗಿದರೂ ಕೋಲು ಬಹುಪಾಲು ಹೊರಗೇ ಉಳಿಯುತ್ತದೆ. ಹಿಡಿತ ಬಲವಾದ್ದರಿಂದ ಹುಟ್ಟಿನ ಉದ್ದವನ್ನು ಕೆಲವು ಸೆಂಟಿಮೀಟರ್ ತಗ್ಗಿಸಬೇಕಾಯಿತು.

ಒಂದು ಎಳೆತ

ಅಲಗು ನೀರು ಹಿಡಿಯುವ ಕ್ಷಣ ಕ್ಯಾಚ್. ಅದು ಮುಳುಗುವ ಮೊದಲೇ ಕಾಲು ಒತ್ತಿದರೆ ಎಳೆತದ ಉದ್ದದ ಒಂದಂಶ ಗಾಳಿಯಲ್ಲೇ ಕಳೆದುಹೋಗುತ್ತದೆ. ಹುಟ್ಟನ್ನು ಎಳೆಯುವ ಹಂತವಾದ ಡ್ರೈವ್‌ನಲ್ಲಿ ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತೋಳು. ನೋಡುವವರು ತೋಳಿನ ಕ್ರೀಡೆ ಎಂದುಕೊಂಡರೂ ದೊಡ್ಡ ಪಾಲು ತೊಡೆಗಳದು. ಅಲಗು ನೀರಿನ ಮೇಲ್ಮೈಯ ಕೆಳಗೆ ಮುಚ್ಚುವಷ್ಟಿದ್ದರೆ ಸಾಕು, ಆಳಕ್ಕೆ ಹೋದರೆ ಕೋಲು ನೀರನ್ನು ಎಳೆಯುತ್ತದೆ. ಎಳೆತ ಮುಗಿಯುವ ಫಿನಿಶ್‌ನಲ್ಲಿ ನೇರವಾಗಿ ಮೇಲೆತ್ತಿ, ಗಾಳಿಗೆ ತಡೆಯಾಗದಂತೆ ಅಲಗನ್ನು ಅಡ್ಡಕ್ಕೆ ಮಲಗಿಸುತ್ತಾರೆ. ಎತ್ತುವ ಮೊದಲೇ ಮಲಗಿಸಿದರೆ ನೀರು ಅಲಗನ್ನು ಒಳಕ್ಕೆ ಸೆಳೆದುಕೊಂಡು ಹಿಡಿ ಎದೆಗೆ ಬಡಿಯುತ್ತದೆ. ಇದನ್ನು ರೋಯಿಂಗ್‌ನವರು ‘ಏಡಿ ಹಿಡಿಯುವುದು’ ಎನ್ನುತ್ತಾರೆ.

ಹುಟ್ಟು ಮೇಲಿರುವಾಗ

ಒಬ್ಬರೇ ಕೂರುವ ಸ್ಪರ್ಧಾ ದೋಣಿಯ ಕನಿಷ್ಠ ತೂಕ 14 ಕಿಲೋ. ಕೂತವರು ಅದರ ಐದಾರು ಪಟ್ಟು ಭಾರ. ಜಾರುವ ಪೀಠದಲ್ಲಿ ಅವರು ದೋಣಿಯ ಹಿಂಬದಿಗೆ ಸರಿದಾಗ ದೋಣಿ ಅವರ ಅಡಿಯಲ್ಲಿ ಮುನ್ನುಗ್ಗುತ್ತದೆ. ಹೀಗಾಗಿ ದೋಣಿಯ ಗರಿಷ್ಠ ವೇಗ ಹುಟ್ಟು ಗಾಳಿಯಲ್ಲಿರುವಾಗ, ಕನಿಷ್ಠ ವೇಗ ಕ್ಯಾಚ್ ಆದ ಕೂಡಲೇ. ನೀರಿನ ತಡೆ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಗುಣ, ಅದನ್ನು ಮೀರಲು ಬೇಕಾದ ಸಾಮರ್ಥ್ಯ ಘನಕ್ಕೆ. ಸರಾಸರಿ ಒಂದೇ ಆದರೂ ಏರಿಳಿಯುವ ವೇಗಕ್ಕೆ ಹೆಚ್ಚು ಶಕ್ತಿ ಬೇಕಾಗುವುದು ಇದರಿಂದಲೇ. ಆದ್ದರಿಂದ ಒಳ್ಳೆಯ ತಂಡ, ಹುಟ್ಟು ಗಾಳಿಯಲ್ಲಿ ಮರಳುವ ಹಂತವಾದ ರಿಕವರಿಯಲ್ಲಿ ಆತುರಪಡದೆ ಮೆಲ್ಲನೆ ಜಾರುತ್ತದೆ.

ಏರಿಳಿತವನ್ನೇ ತಗ್ಗಿಸುವ ಉಪಾಯವೂ ಬಂದಿತ್ತು. ಪಶ್ಚಿಮ ಜರ್ಮನಿಯ ಪೀಟರ್-ಮೈಕೆಲ್ ಕೋಲ್ಬೆ 1981ರ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ದೋಣಿಯಲ್ಲಿ ಪೀಠ ಕದಲುತ್ತಿರಲಿಲ್ಲ. ಓರ್‌ಲಾಕ್ ಹೊತ್ತ ಹಗುರ ಚೌಕಟ್ಟೇ ಜಾರುತ್ತಿತ್ತು. ಕೆಲವೇ ವರ್ಷಗಳಲ್ಲಿ ಆ ಜೋಡಣೆ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ನಿಷಿದ್ಧವಾಯಿತು.