ನೆಲಗುಂಬಳ: ಕಾಡಿನ ಸಿಹಿ ಗಡ್ಡೆ

ಪ್ಯುರೇರಿಯಾ ಟ್ಯೂಬರೋಸಾ · ಫ್ಯಾಬೇಸೀ ಕುಟುಂಬ · ಸಂಸ್ಕೃತ: ವಿದಾರೀಕಂದ

ಹೆಸರಿನಲ್ಲಿ ಕುಂಬಳವಿದ್ದರೂ ಇದು ತೊಗರಿ, ಅಲಸಂದೆಗಳ ಬಳಗದ ಬಳ್ಳಿ. ಧಾರವಾಡದಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ, ಕಲಘಟಗಿ–ಅಳ್ನಾವರದ ಕಡೆಯಂಥ ಎಲೆ ಉದುರುವ ಕಾಡುಗಳೇ ಇದಕ್ಕೆ ಒಗ್ಗುವ ನೆಲೆ. ಎಲೆಯಲ್ಲಿ ಮೂರು ಕಿರುಎಲೆಗಳು. ಬಳ್ಳಿ ಬೋಳಾದ ಮೇಲೆ ನೀಲಿ-ನೇರಳೆ ಹೂಗೊಂಚಲು ಬಿಡುತ್ತದೆ. ನೋಡಬೇಕೆಂದರೆ ಶಿವರಾತ್ರಿಯ ಆಸುಪಾಸು ಬನ್ನಿ.

ನೆಲದಡಿಯ ಗಡ್ಡೆ ಮಡಕೆಯಷ್ಟು ದಪ್ಪ, ಕೆಲವೊಮ್ಮೆ ಅದಕ್ಕೂ ದೊಡ್ಡದು. ಒಳಗೆ ಬಿಳಿ ತಿರುಳು, ತುಂಬ ಪಿಷ್ಟ, ಜ್ಯೇಷ್ಠಮಧುವನ್ನು ನೆನಪಿಸುವ ಸಿಹಿ. ಕಾಡಿನ ಜನ ಹಸಿಯಾಗಿಯೂ ಬೇಯಿಸಿಯೂ ತಿನ್ನುತ್ತಾರೆ. ಕುದುರೆಗೂ ಮೇವು. ಆಯುರ್ವೇದದಲ್ಲಿ ಬಾಣಂತಿಯ ಎದೆಹಾಲು ಹೆಚ್ಚಿಸಲು ಇದರ ಪುಡಿಯನ್ನು ಹಾಲಿನಲ್ಲಿ ಕೊಡುವ ರೂಢಿಯಿದೆ. ಚ್ಯವನಪ್ರಾಶದಲ್ಲೂ ಇದು ಸೇರುತ್ತದೆ.

ಆದರೆ ಬಾಣಂತಿಗೆ ಕೊಡುವುದನ್ನೆಲ್ಲ ಬಸುರಿಗೂ ಕೊಡಬಹುದೆಂದು ತಿಳಿಯಬಾರದು. ಗಡ್ಡೆಯಲ್ಲಿ ಈಸ್ಟ್ರೋಜೆನ್ ಹಾರ್ಮೋನಿನಂತೆ ವರ್ತಿಸುವ ಐಸೋಫ್ಲೇವೋನ್‌ಗಳಿವೆ; ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗರ್ಭ ನಿಲ್ಲದಿರುವುದು ಕಂಡುಬಂದಿದೆ.

ಗ್ರಂಧಿಗೆ ಅಂಗಡಿಯ ಒಣ ಹೋಳುಗಳ ಗೊಂದಲ ಬೇರೆ. ಹಾಲು ಒಸರುವ ಐಪೋಮಿಯಾ ಮಾರಿಷಿಯಾನಾ ಬಳ್ಳಿಯ ಗಡ್ಡೆಯೂ ವಿದಾರಿಯೆಂದೇ ಮಾರಾಟವಾಗುತ್ತದೆ. ಅದು ಗೆಣಸಿನ ಬಳಗ. ಎಲೆ ಅಂಗೈಯಂತೆ ಸೀಳಿರುತ್ತದೆ, ಹೂವು ತುತ್ತೂರಿಯಾಕಾರ.

ಗಡ್ಡೆ ಅಗೆಯುವವರಿಗೆ ನಿಜವಾದ ಅಪಾಯ ಅಗ್ನಿಶಿಖೆಯದು. ಮಳೆಗಾಲದಲ್ಲಿ ಬೇಲಿಗಳಲ್ಲಿ ಕೆಂಪು-ಹಳದಿ ಹೂ ಬಿಡುವ ಈ ಬಳ್ಳಿಯ ಗಡ್ಡೆಯಲ್ಲಿ ಕೊಲ್ಚಿಸಿನ್ ವಿಷವಿದೆ. ಗೆಣಸೆಂದು ಬೇಯಿಸಿ ತಿಂದು ಸತ್ತವರ ವಿವರ ಶ್ರೀಲಂಕಾದ ವೈದ್ಯಕೀಯ ದಾಖಲೆಗಳಲ್ಲಿದೆ. ಎಲೆ, ಹೂ ಕಾಣದ ಬಳ್ಳಿಯ ಗಡ್ಡೆಯನ್ನು ಬಾಯಿಗಿಡಬೇಡಿ.