ಪಾಟೀ ಸವಾಲು: ಲೈಂಗಿಕ ದೌರ್ಜನ್ಯ ಪ್ರಕರಣಗಳಲ್ಲಿ

ಸಾಕ್ಷಿಯನ್ನು ಎದುರು ಪಕ್ಷದ ವಕೀಲರು ಪ್ರಶ್ನಿಸುವುದಕ್ಕೆ ಪಾಟೀ ಸವಾಲು ಎನ್ನುತ್ತಾರೆ. ಇದು ಆರೋಪಿಯ ಹಕ್ಕು. ನ್ಯಾಯಯುತ ವಿಚಾರಣೆಗೆ ಬೇಕೇ ಬೇಕು. ಆದರೆ ಲೈಂಗಿಕ ದೌರ್ಜನ್ಯದ ಮೊಕದ್ದಮೆಯಲ್ಲಿ ಪ್ರಶ್ನೆಗಳು ಘಟನೆಯನ್ನು ಬಿಟ್ಟು ನೊಂದವಳ ನಡತೆಯ ಕಡೆ ತಿರುಗಿದರೆ, ಅಲ್ಲಿಂದಾಚೆಗೆ ವಿಚಾರಣೆ ನಡೆಯುವುದು ಅವಳದೇ.

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಂಥ ಊರಿನ ಕೂಲಿ ಮಹಿಳೆ ಪೊಲೀಸರಿಗೆ, ವೈದ್ಯರಿಗೆ, ಮ್ಯಾಜಿಸ್ಟ್ರೇಟರಿಗೆ ಹೇಳಿದ್ದನ್ನೇ ಬಹಳ ದಿನಗಳ ನಂತರ ಸೆಷನ್ಸ್ ನ್ಯಾಯಾಲಯದ ಕಟಕಟೆಯಲ್ಲಿ ಮತ್ತೆ ಹೇಳಬೇಕು. ಪ್ರತಿ ಮುದ್ದತಿಗೂ ಒಂದು ದಿನದ ಕೂಲಿ ಹೋಗುತ್ತದೆ. ಆಘಾತಗೊಂಡವರ ನೆನಪಿನಲ್ಲಿ ಹೊತ್ತು, ಹಿಂದುಮುಂದು ಕಲಸಿಹೋಗುವುದುಂಟು. ಹೇಳಿಕೆಗಳ ನಡುವಿನ ಆ ವ್ಯತ್ಯಾಸವನ್ನೇ ಸುಳ್ಳಿಗೆ ಪುರಾವೆಯೆಂದು ಎತ್ತಿ ತೋರಿಸಲಾಗುತ್ತದೆ. ಅವಳು ಅಲ್ಲಗಳೆದದ್ದು ದಾಖಲೆಗೆ ಸೇರುವುದು ‘ನಾನು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬ ಒಂದು ಸಾಲಾಗಿ. ಕೇಳಿದವರ ಧಾಟಿಯಾಗಲಿ ಅವಳು ತಡವರಿಸಿದ್ದಾಗಲಿ ಆ ಸಾಲಿನಲ್ಲಿ ಇರುವುದಿಲ್ಲ. ಬೇಸತ್ತು ರಾಜಿಗೆ ಒಪ್ಪಿ ಹೇಳಿಕೆಯಿಂದ ಹಿಂದೆ ಸರಿದವಳನ್ನು ‘ಪ್ರತಿಕೂಲ ಸಾಕ್ಷಿ’ ಎಂದು ಬರೆದುಕೊಳ್ಳುತ್ತಾರೆ. ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ದೇವದಾಸಿ ಕುಟುಂಬಗಳ ಹೆಣ್ಣುಮಕ್ಕಳಿಗೆ ನಡತೆಯ ಪ್ರಶ್ನೆ ಇನ್ನೂ ಕ್ರೂರ. ಆ ಪದ್ಧತಿಯನ್ನು ನಿಷೇಧಿಸಿದ 1982ರ ರಾಜ್ಯ ಕಾಯ್ದೆಯಿಂದ ಊರವರು ಹಚ್ಚಿದ ಹಣೆಪಟ್ಟಿ ಕಳಚಿಲ್ಲ.

ದೂರುದಾರಳು ‘ಅನೈತಿಕ ನಡತೆಯವಳು’ ಎಂದು ತೋರಿಸಲು ಅವಕಾಶವಿತ್ತಿದ್ದ ಹಳೆಯ ಸಾಕ್ಷ್ಯ ಅಧಿನಿಯಮದ 155(4)ನೇ ಕಲಮನ್ನು 2002ರ ತಿದ್ದುಪಡಿ ತೆಗೆದುಹಾಕಿತು. ಸಮ್ಮತಿಯ ಪ್ರಶ್ನೆಯಲ್ಲಿ ಅವಳ ಹಿಂದಿನ ಲೈಂಗಿಕ ಸಂಬಂಧಗಳನ್ನು ಎತ್ತದಂತೆ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 48 ಮತ್ತು 149ನೇ ಕಲಮುಗಳು ತಡೆಯುತ್ತವೆ. ಪಾಟೀ ಸವಾಲಿನ ವೇಳೆ ನ್ಯಾಯಾಧೀಶರು ಮೂಕಪ್ರೇಕ್ಷಕರಾಗಿ ಕೂರಬಾರದೆಂದು ಗುರ್ಮೀತ್ ಸಿಂಗ್ ಪ್ರಕರಣದಲ್ಲಿ (1996) ಸುಪ್ರೀಂ ಕೋರ್ಟ್ ಹೇಳಿತು. ಆರೋಪಿಯ ಮುಖ ಕಾಣದಂತೆ ಪರದೆ ಹಾಕಬೇಕು, ಘಟನೆಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆಗಳನ್ನು ಬರೆದುಕೊಟ್ಟು ನ್ಯಾಯಾಧೀಶರ ಮೂಲಕವೇ ಕೇಳಿಸಬೇಕು ಎಂದದ್ದು ‘ಸಾಕ್ಷಿ’ ಸಂಸ್ಥೆಯ ಪ್ರಕರಣದಲ್ಲಿ (2004).

ಇಷ್ಟಾದರೂ ಪೂರ್ವಗ್ರಹ ನ್ಯಾಯಪೀಠದಿಂದಲೇ ಬಂದದ್ದುಂಟು. 2020ರ ಜೂನ್‌ನಲ್ಲಿ ನಿರೀಕ್ಷಣಾ ಜಾಮೀನಿನ ಆದೇಶವೊಂದರಲ್ಲಿ ಕರ್ನಾಟಕ ಹೈಕೋರ್ಟ್, ಅತ್ಯಾಚಾರದ ಬಳಿಕ ದಣಿದು ನಿದ್ದೆಹೋದೆನೆಂಬ ದೂರುದಾರಳ ಮಾತು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂದಿತು. ಆಕ್ಷೇಪ ಎದ್ದ ಮೇಲೆ ಜುಲೈನಲ್ಲಿ ಆ ಮಾತನ್ನು ಕಡತದಿಂದ ತೆಗೆಯಲಾಯಿತು. ಉಡುಪು, ವರ್ತನೆ, ಹಿಂದಿನ ನಡತೆಗಳನ್ನು ಜಾಮೀನು ಆದೇಶಗಳಲ್ಲಿ ಚರ್ಚಿಸಬಾರದೆಂದು 2021ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು.

ನೊಂದವಳು ಸರ್ಕಾರಿ ಅಭಿಯೋಜಕರ ನೆರವಿಗೆ ತನ್ನದೇ ವಕೀಲರನ್ನು ಇಟ್ಟುಕೊಳ್ಳಲು ನ್ಯಾಯಾಲಯದ ಅನುಮತಿ ಕೇಳಬಹುದು. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ 15100 ಸಂಖ್ಯೆಗೆ ಕರೆ ಮಾಡಿ ಪಡೆಯಬಹುದು.