ರಾಮಮೂರ್ತಿನಗರದ ಮೇಜರ್, ತೆರೆಯ ಮೇಲಿನ ಮೇಜರ್

ಬೆಳ್ಳಂದೂರಿನಿಂದ ಹೆಬ್ಬಾಳದ ಕಡೆಗೆ ರಿಂಗ್ ರೋಡಿನಲ್ಲಿ ಹೋಗುವವರೇ, ರಾಮಮೂರ್ತಿನಗರ ಜಂಕ್ಷನ್ನಿನಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಪ್ರತಿಮೆ ನೋಡಿದ್ದೀರಾ? (ಆ ಟ್ರಾಫಿಕ್ಕಿನಲ್ಲಿ ಯಾರು ತಲೆ ಎತ್ತುತ್ತಾರೆ ಬಿಡಿ!)

ಬೆಂಗಳೂರಿನಲ್ಲೇ ಓದಿ ಬೆಳೆದವರು. 2008ರ ನವೆಂಬರ್‌ನಲ್ಲಿ ಮುಂಬೈನ ತಾಜ್ ಹೋಟೆಲಿನೊಳಗೆ ಎನ್‌ಎಸ್‌ಜಿ ತಂಡ ಮುನ್ನಡೆಸುತ್ತಿದ್ದಾಗ ಜೊತೆಗಿದ್ದ ಕಮಾಂಡೋ ಸುನಿಲ್ ಯಾದವ್‌ಗೆ ಗುಂಡು ಬಿತ್ತು. ಸಂದೀಪ್ ಮೊದಲು ಅವರನ್ನು ಹೊರಗೆ ಸಾಗಿಸುವ ಏರ್ಪಾಡು ಮಾಡಿದರು. ಆಮೇಲೆ ಉಳಿದವರನ್ನು ಮೇಲೆ ಬರಬೇಡಿ ಅಂತ ತಡೆದು, ತಾವೊಬ್ಬರೇ ಉಗ್ರರ ಬೆನ್ನು ಹತ್ತಿದರು. 28ರಂದು ತೀರಿಕೊಂಡಾಗ ವಯಸ್ಸು 31.

2022ರಲ್ಲಿ ಅಡಿವಿ ಶೇಷ್ ನಟಿಸಿದ ‘ಮೇಜರ್’ ಬಂತು. ಒಳ್ಳೆಯ ಸಿನಿಮಾನೇ, ಕಣ್ಣು ಒದ್ದೆಯಾಯ್ತು. ಆದರೆ ಕೊನೆಕೊನೆಗೆ ಹೀರೋ ಒಬ್ಬನದೇ ಹೊಡೆದಾಟ... ನನಗಂತೂ ಆ ಗಾಯಾಳುವನ್ನು ಸಾಗಿಸಿದ ಕೆಲವು ನಿಮಿಷಗಳೇ ಸಾಕಿತ್ತು. ಸೋದರತ್ವ, ತ್ಯಾಗ ಎರಡೂ ಅಲ್ಲೇ ಇವೆ. ಒಬ್ಬರೇ ಮುಂದೆ ಹೋದದ್ದೂ ಹಿಂದಿದ್ದ ಹುಡುಗರು ಉಳಿಯಲಿ ಅಂತಲೇ ತಾನೆ?

1990ರಲ್ಲಿ ರಾಜೇಂದ್ರಸಿಂಗ್ ಬಾಬು ‘ಮುತ್ತಿನ ಹಾರ’ದಲ್ಲಿ ಕೊಡಗಿನ ಸೈನಿಕನ ಕತೆ ಹೇಳುವಾಗ ಹೆಂಡತಿ, ಮನೆ ಎಲ್ಲ ಜೊತೆಗೇ ಇದ್ದವು. ವಿಷ್ಣುವರ್ಧನ್ ಇದ್ದರೂ ಅದು ಬರೀ ವಿಷ್ಣು ಚಿತ್ರವಲ್ಲ.

ಅಂದ ಹಾಗೆ, 2009ರ ಗಣರಾಜ್ಯೋತ್ಸವದಂದು ಸಂದೀಪ್ ಜೊತೆಗೆ ಹವಾಲ್ದಾರ್ ಗಜೇಂದರ್ ಸಿಂಗ್ ಬಿಷ್ಟ್ ಅವರಿಗೂ ಅಶೋಕ ಚಕ್ರ ಸಂದಿತು. ಅವರು ಪ್ರಾಣ ಕೊಟ್ಟದ್ದು ಅದೇ ಕಾರ್ಯಾಚರಣೆಯಲ್ಲಿ, ನಾರಿಮನ್ ಹೌಸ್‌ನಲ್ಲಿ.